ಬಳೆ ಏರುವವರೆಗೆ ಪ್ರೀತಿ, ಆಮೇಲೆ ಕೊಲೆ

ನನಗೆ ಸಿನೆಮಾ ಅಂದರೆ ಪ್ರಾಣ. ಯಾರಾದರೂ ಕೇಳಿದರೆ ದನಿ ತಗ್ಗಿಸಿ ಹೇಳುವ ಪೈಕಿ ನಾನಲ್ಲ. ಅದರಲ್ಲೂ ನನಗೆ ಬೇಕಾದವು ಎರಡೇ ಬಗೆ. ಒಂದೋ ಪ್ರೀತಿ ಇರಬೇಕು, ಇಲ್ಲ ಕೊಲೆ ಇರಬೇಕು. ಎರಡೂ ಇದ್ದರೆ ಅವತ್ತು ನನಗೆ ಹಬ್ಬ. ದೇವರ ಸಿನೆಮಾ, ಯುದ್ಧದ ಸಿನೆಮಾ, ಮನೆಮಂದಿಯೆಲ್ಲ ಕೂತು ಅಳುವ ಸಿನೆಮಾ ಬೇಕಾದವರು ನೋಡಿಕೊಳ್ಳಲಿ. ಹುಡುಗ ಹುಡುಗಿಯನ್ನು ಕದ್ದು ನೋಡಬೇಕು, ಆಮೇಲೆ ಯಾರೋ ಒಬ್ಬರು ಕಾಣೆಯಾಗಬೇಕು, ನಾನು ಕೈಯಲ್ಲಿದ್ದ ಶೇಂಗಾ ತಿನ್ನುವುದನ್ನು ಮರೆಯಬೇಕು. ಕನ್ನಡ, ಹಿಂದಿ, ತೆಲುಗು ಯಾವುದಾದರೂ ಸರಿ.

ನನ್ನ ಹೆಸರು ಹೀರಾಬಿ. ದೇವದುರ್ಗದ ಬಜಾರಿನಲ್ಲಿ ನಮ್ಮದು ಬಳೆ ಅಂಗಡಿ. ಗಂಡ ಅಮೀರ್ ಸಾಬ್ ತೀರಿಕೊಂಡು ಬಹಳ ವರ್ಷವಾಯಿತು. ಈಗ ಮಗ ನಯೀಮ್ ಗಲ್ಲಾದ ಮೇಲೆ ಕೂರುತ್ತಾನೆ, ನಾನು ಮುಂದೆ ಚಾಪೆ ಹಾಕಿಕೊಂಡು ಬಳೆ ತೊಡಿಸುತ್ತೇನೆ. ಮಂಗಳವಾರ ನಮ್ಮಲ್ಲಿ ವ್ಯಾಪಾರ ಕಡಿಮೆ. ಅವತ್ತು ಬುರ್ಖಾ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತುತ್ತೇನೆ. ಗಬ್ಬೂರು ದಾಟುವುದರೊಳಗೆ ಪಕ್ಕದವರು ಯಾರಾದರೂ ಕೇಳಿಯೇ ಕೇಳುತ್ತಾರೆ.

"ಎಲ್ಲಿಗ್ರೀ ಚಾಚಿ, ದವಾಖಾನಿಗೇನು?"

ನನ್ನ ವಯಸ್ಸಿನ ಹೆಂಗಸು ಒಬ್ಬಳೇ ರಾಯಚೂರಿಗೆ ಹೊರಟರೆ ಅದು ದವಾಖಾನೆಗೇ ಇರಬೇಕು ಎಂದು ಇವರಿಗೆ ಯಾರು ಹೇಳಿದರೋ. "ಅಲ್ಲಪ, ಪಿಚ್ಚರಿಗೆ" ಅನ್ನುತ್ತೇನೆ. ಕೇಳಿದವರು ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ ಬಿಡಿ, ಕಿಟಕಿ ಅವರದೇ.

ನಯೀಮ್ ಒಂದು ಸಲ ದೊಡ್ಡ ಫೋನು ತಂದುಕೊಟ್ಟ. ಮನೆಯಲ್ಲೇ ನೋಡು, ಎಲ್ಲ ಭಾಷೆಯವೂ ಇದರಲ್ಲಿ ಬರುತ್ತವೆ ಅಂದ. ನೋಡಿದೆ. ಕೊಲೆ ಮಾಡುವವನು ಇರುವೆಯಷ್ಟು ಕಾಣುತ್ತಿದ್ದ. ಇರುವೆಗೆ ಯಾರು ಹೆದರುತ್ತಾರೆ? ಫೋನನ್ನು ಸೊಸೆ ಮುಸರ್ರತ್‌ಗೆ ಕೊಟ್ಟುಬಿಟ್ಟೆ. ಅವಳು ಅದರಲ್ಲಿ ಮೆಹಂದಿ ಡಿಸೈನು ನೋಡುತ್ತಾಳೆ.

ಸಿನೆಮಾ ನನಗೆ ಬರೀ ಮೋಜು ಎಂದು ಮಗ ತಿಳಿದಿದ್ದಾನೆ. ನನ್ನ ಕಸುಬು ಅದರ ಮೇಲೆ ನಿಂತಿದೆ ಎಂಬುದು ಅವನಿಗೆ ತಿಳಿಯದು. ಗಾಜಿನ ಬಳೆ ಕೈಗೆ ಚೆಂದ ಕಾಣಬೇಕಾದರೆ ಬಿಗಿಯಾಗಿ ಕೂರಬೇಕು. ಬಿಗಿ ಬಳೆ ಹೆಬ್ಬೆರಳಿನ ಬುಡ ದಾಟುವಾಗ ನೋಯುತ್ತದೆ. ನೋವಿಗೆ ಹೆದರಿ ಹೆಂಗಸು ಕೈ ಸೆಟೆಸಿಕೊಂಡರೆ ಬಳೆ ಒಡೆಯಿತೆಂದೇ ಲೆಕ್ಕ, ತೊಡಿಸುವಾಗ ಒಡೆದ ಬಳೆ ಬಳೆಗಾರ್ತಿಯ ಪಾಲಿಗೆ. ಹಾಗಾಗಿ ಕೈ ಹಿಡಿದ ಕೂಡಲೇ ನಾನು ಕತೆ ಶುರುಮಾಡುತ್ತೇನೆ. ಹುಡುಗ ಬಂದ, ಹುಡುಗಿ ನೀರು ಕೊಟ್ಟಳು, ಅವನು ಕುಡಿಯುವುದನ್ನು ಬಿಟ್ಟು ಅವಳನ್ನೇ ನೋಡಿದ. ಕೇಳುತ್ತ ಕೇಳುತ್ತ ಕೈ ಬೆಣ್ಣೆಯಾಗುತ್ತದೆ, ಬಳೆ ತಾನಾಗಿ ಜಾರುತ್ತದೆ. ಕೊಲೆಯನ್ನು ಅಲ್ಲಿಯವರೆಗೆ ಹೇಳಬಾರದು, ಕೈ ಗಟ್ಟಿಯಾಗಿಬಿಡುತ್ತದೆ. ಬಳೆ ಮಣಿಕಟ್ಟಿಗೆ ಬಂದು ಕೂತ ಮೇಲೆ ಬೇಕಾದಷ್ಟು ಕೊಲೆ ಮಾಡಿಸಬಹುದು. ಆಗ ಅವರು ಎದ್ದು ಹೋಗುವುದಿಲ್ಲ, ಮುಂದೇನಾಯಿತು ಎಂದು ಕೂತೇ ಇರುತ್ತಾರೆ, ಇನ್ನೊಂದು ಡಜನ್ ಬಳೆ ಆರಿಸುತ್ತಾರೆ.

ಇನ್ನೊಂದು ಅಭ್ಯಾಸ ನನಗಿದೆ. ಸಿನೆಮಾದಲ್ಲಿ ಎಲ್ಲಿಯದೋ ಉಕ್ಕಿನ ಕಾರ್ಖಾನೆ, ಎಲ್ಲಿಯದೋ ಸಮುದ್ರ. ನಮ್ಮ ಹಳ್ಳಿಯ ಹೆಂಗಸರಿಗೆ ಅದು ಕಣ್ಣಿಗೆ ಕಟ್ಟುವುದು ಹೇಗೆ? ಹಾಗಾಗಿ ಸಮುದ್ರವನ್ನು ಕೃಷ್ಣಾ ನದಿ ಮಾಡುತ್ತೇನೆ, ವಿಮಾನವನ್ನು ಸಿಂಧನೂರು ಬಸ್ಸು ಮಾಡುತ್ತೇನೆ. ಹೀರೋಯಿನ್ನು ಪಕ್ಕದೂರಿನ ಹುಡುಗಿಯಾಗುತ್ತಾಳೆ. ಇದನ್ನು ಎಲ್ಲರೂ ಬಲ್ಲರು. ಮೊದಲಿಗೇ "ಈ ಮಂಗಳವಾರ ನೋಡಿದ ಪಿಚ್ಚರು" ಎಂದು ಹೇಳಿಯೇ ನಾನು ಮುಂದುವರಿಯುವುದು.

ಆ ದಿನವೂ ಹೇಳಿದ್ದೆ. ಹತ್ತಿರದ ಹಳ್ಳಿ ಗೂಗಲ್ಲಿನ ಶಿವಗಂಗಾ ತನ್ನ ಮಗಳು ಮಲ್ಲೇಶ್ವರಿಯನ್ನು ನನ್ನ ಚಾಪೆಯ ಮೇಲೆ ಕೂರಿಸಿ, "ಇಕಿಗೆ ಬಳಿ ಇಡ್ರಿ, ನಾ ಅರಬಿ ಅಂಗಡಿಗೆ ಹೋಗಿ ಬರ್ತೀನಿ" ಎಂದು ಎದುರಿನ ಬಟ್ಟೆ ಅಂಗಡಿಗೆ ಹೋದಳು. ಹುಡುಗಿ ಮಾತು ಕಡಿಮೆ. ನಾನು ಹೊಸ ಸಿನೆಮಾ ತೆಗೆದೆ. ಮೂಲದಲ್ಲಿ ಅದು ದೊಡ್ಡ ನಗರದ ಕಾರ್ಖಾನೆಯ ಧಣಿಗಳ ಮನೆ. ನನ್ನ ಬಾಯಲ್ಲಿ ಅದು ಮಾನ್ವಿಯ ಹತ್ತಿ ಮಿಲ್ಲಾಯಿತು. ಅಣ್ಣತಮ್ಮ ಇಬ್ಬರು. ತಮ್ಮನಿಗೆ ಒಬ್ಬಳ ಮೇಲೆ ಪ್ರೀತಿ, ಕದ್ದು ಮದುವೆಯೂ ಆಗಿದೆ. ಅಣ್ಣನಿಗೆ ಅದು ಗೊತ್ತಾಗುತ್ತದೆ. ಅಷ್ಟರಲ್ಲಿ ಬಳೆಗಳು ಮಣಿಕಟ್ಟಿಗೆ ಬಂದಿದ್ದವು.

ಶಿವಗಂಗಾ ವಾಪಸು ಬಂದು ಬಾಗಿಲಲ್ಲಿ ನಿಂತಾಗ ನಾನು ಹೇಳುತ್ತಿದ್ದದ್ದು ಇದು: "ಮಾನ್ವಿ ಮಿಲ್ಲಿನ ಹಿರೇ ಮಗ ಏನ್ ಸಾದಾ ಮನಿಶಾ ಅಲ್ಲ. ತಮ್ಮನ ಮೊದಲನೇ ಹೇಣ್ತಿ ಹೆಣಾ ಹತ್ತಿ ಗಂಟಿನಾಗ ಇಟ್ಟು ಹೊಲಿಸಿಬಿಟ್ಟ. ಈಗ ಏನೂ ಆಗಿಲ್ಲ ಅನ್ನೋರಂಗ ತಮ್ಮಗ ಎರಡನೇ ಹೆಣ್ಣು ನೋಡಾಕತ್ತಾರ."

ಶಿವಗಂಗಾ ಮುಂದಿನದನ್ನು ಕೇಳಲಿಲ್ಲ. ಬಸ್ಸು ಬಂತೆಂದು ಮಗಳ ತೋಳು ಹಿಡಿದು ಎಬ್ಬಿಸಿಕೊಂಡು ಹೋದಳು. ಮಲ್ಲೇಶ್ವರಿಯ ಸಂಬಂಧ ಮಾನ್ವಿಯ ಹತ್ತಿ ಮಿಲ್ಲಿನವರ ಮನೆಗೇ, ಅಲ್ಲಿಯ ತಮ್ಮನಿಗೇ ಮಾತಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮಿಲ್ಲನ್ನು ಲಿಂಗಸೂಗೂರಿಗೆ ಕಳಿಸುತ್ತಿದ್ದೆ, ನನಗೇನು ಕಷ್ಟ?

ಗೂಗಲ್ಲಿನ ಅವರ ಮನೆಯಲ್ಲಿ ಅವತ್ತು ರಾತ್ರಿ ಒಲೆ ಉರಿಯಲಿಲ್ಲವಂತೆ. ಹುಡುಗಿಯ ತಂದೆ ರೇವಣಸಿದ್ದ ಮರುದಿನವೇ, ಸಂಬಂಧ ಗಟ್ಟಿಮಾಡುವ ಸಕ್ಕರೆ ಹಾಕುವ ಶಾಸ್ತ್ರ ನಿಲ್ಲಿಸಿ ಎಂದು ಮಾನ್ವಿಗೆ ಹೇಳಿ ಕಳಿಸಿದ. ಸುದ್ದಿ ಎಲ್ಲಿಂದ ಹುಟ್ಟಿತೆಂದು ಮಾನ್ವಿಯವರು ವಿಚಾರಿಸಿರಬೇಕು, ಒಂದು ಬಿಳಿ ಕಾರು ನಮ್ಮ ಅಂಗಡಿಯ ಮುಂದೆ ಬಂದು ನಿಂತಿತು. ಇಳಿದವನು ಮಿಲ್ಲಿನ ಹಿರಿಯ ಮಗ ಚನ್ನವೀರ. ದಪ್ಪ ಮೀಸೆ, ಇಸ್ತ್ರಿ ಅಂಗಿ. ನೋಡಲು ಥೇಟು ನನ್ನ ಸಿನೆಮಾದ ಅಣ್ಣನೇ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಬುದ್ಧಿ ನನಗಿದೆ.

"ನಮ್ಮ ಮನ್ಯಾಗ ಹೆಣ ಬಿದ್ದದ್ದು ಯಾವಾಗ ನೋಡಿದೆವ್ವ ನೀನು?" ಅಂದ.

"ಪಿಚ್ಚರ್‌ನಾಗ್ರೀ" ಅಂದೆ.

ಬಜಾರಿನ ಮಂದಿ ಸೇರಿತು. ಯಾರೋ ನಕ್ಕರು, ಅದರಿಂದ ಅವನ ಸಿಟ್ಟು ಇನ್ನೂ ಏರಿತು. ನನ್ನನ್ನು ಬಿಟ್ಟು ನಯೀಮ್ ಜತೆ ಮಾತಾಡಿದ. ತಾಯಿ ಎದುರಿಗೆ ಕೂತಿರುವಾಗ ಮಗನ ಜತೆ ತಾಯಿಯ ತೀರ್ಮಾನ ಮಾಡುವುದು ನಮ್ಮ ಕಡೆಯ ಗಂಡಸರಿಗೆ ಬಹಳ ಸಲೀಸು. ಬರುವ ಸೋಮವಾರ ಗೂಗಲ್ಲಿನಲ್ಲಿ ಮತ್ತೆ ಸಕ್ಕರೆ ಶಾಸ್ತ್ರ. ನಾನು ಅಲ್ಲಿಗೆ ಬರಬೇಕು. ಹಿರಿಯರ ಮುಂದೆ ಎಲ್ಲ ಸುಳ್ಳು ಎನ್ನಬೇಕು. ಅಶುಭದ ಬಾಯಿ ನನ್ನದಾದ್ದರಿಂದ ಹುಡುಗಿಗೆ ಹಸಿರು ಬಳೆಯನ್ನು ನನ್ನ ಕೈಯಿಂದಲೇ ತೊಡಿಸಬೇಕು. ಕೊನೆಗೆ, ಇನ್ನು ಮೇಲೆ ಸಿನೆಮಾ ನೋಡುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಬೇಕು. ಇಲ್ಲದಿದ್ದರೆ ಪೊಲೀಸು, ವಕೀಲ, ಮಾನಹಾನಿ. ನಯೀಮ್ ಎಲ್ಲಕ್ಕೂ "ಹೂಂರಿ, ಆತ್ರಿ" ಎಂದ. ನನ್ನ ಮುಖ ನೋಡಲೇ ಇಲ್ಲ.

ಮನೆಯಲ್ಲಿ ನಮ್ಮ ಮಾತು ದಖನಿ. ಊಟಕ್ಕೆ ಕೂತಾಗ "ನಕ್ಕೊ ಅಮ್ಮೀ, ಇನ್ನ ಪಿಚ್ಚರ್ ನಕ್ಕೊ" ಎಂದು ಶುರುಮಾಡಿದ. ಸಾಕು, ಬಿಟ್ಟುಬಿಡು, ಈ ವಯಸ್ಸಿನಲ್ಲಿ ನಿನಗ್ಯಾಕೆ ಪ್ರೀತಿ, ಕೊಲೆ, ಅಂಗಡಿಯ ಮೇಲೆ ಕೇಸು ಬಿದ್ದರೆ ನಾವು ಎಲ್ಲಿಗೆ ಹೋಗೋಣ. ಅವನ ದನಿಯಲ್ಲಿ ಭಯವಿತ್ತು. ಆ ಭಯವೇ ನನ್ನನ್ನು ಕಟ್ಟಿಹಾಕಿತು. ಸಿಟ್ಟಾದ ಮಗನ ಜತೆ ಜಗಳವಾಡಬಹುದು, ಹೆದರಿದ ಮಗನ ಜತೆ ಏನು ಮಾಡುವುದು?

ಇಷ್ಟು ಕಾಲ ನನಗಾಗಿ ನಾನು ಇಟ್ಟುಕೊಂಡದ್ದು ಆ ಮಂಗಳವಾರವೊಂದೇ. ಕತ್ತಲೆಯ ಹಾಲಿನಲ್ಲಿ ನನಗೆ ಯಾರೂ ಅಮ್ಮೀ ಅನ್ನುವುದಿಲ್ಲ, ಚಾಚಿ ಅನ್ನುವುದಿಲ್ಲ. ಯಾರ ಊಟವಾಯಿತೋ ಯಾರದಿಲ್ಲವೋ ಎಂದು ನೋಡಬೇಕಿಲ್ಲ. ಅದನ್ನೇ ಈಗ ಕಿತ್ತುಕೊಳ್ಳಲು ಹೊರಟಿದ್ದರು. ಆದರೂ ಮಗನ ಮುಖ ನೋಡಿ, ಸೋಮವಾರ ಬಳೆ ಹೊರುವ ಮಲಾರದಲ್ಲಿ ಹಸಿರು ಬಳೆ ಕಟ್ಟಿಕೊಂಡು ನಯೀಮ್ ಹಿಂದೆ ಗೂಗಲ್ಲಿನ ಬಸ್ಸು ಹತ್ತಿದೆ. ಆಣೆ ಮಾಡುವುದೋ ಬಿಡುವುದೋ ಎಂದು ಬಸ್ಸು ಇಳಿಯುವವರೆಗೂ ತೀರ್ಮಾನವಾಗಿರಲಿಲ್ಲ.

ರೇವಣಸಿದ್ದನ ಮನೆ ಅಲ್ಲಮಪ್ರಭುವಿನ ಗುಡಿಯಿಂದ ದೂರವೇನಲ್ಲ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಎರಡೂ ಕಡೆಯ ಹಿರಿಯರು ಕೂತಿದ್ದರು. ತಟ್ಟೆಯಲ್ಲಿ ಸಕ್ಕರೆ, ಕೊಬ್ಬರಿ, ಸೀರೆ. ಮದುಮಗ ಮೂಲೆಯಲ್ಲಿ ಮೊಬೈಲು ತಿಕ್ಕುತ್ತಿದ್ದ. ಹುಡುಗ ಕೆಟ್ಟವನೇನೂ ಕಾಣಲಿಲ್ಲ. ಅಣ್ಣ ಎದ್ದು ನಿಲ್ಲು ಎಂದಾಗ ನಿಂತ, ಕೂರು ಎಂದಾಗ ಕೂತ.

ಚನ್ನವೀರ ನನಗೆ ಹೇಳು ಎಂದ. ನಾನು ಎದ್ದು ನಿಂತೆ.

"ನಾ ಹೇಳಿದ್ದು ಪಿಚ್ಚರ್ ಕಥಿರಿ. ಅದರಾಗ ಮಾನ್ವಿ ಇರಲಿಲ್ಲ, ಹತ್ತಿ ಮಿಲ್ಲೂ ಇರಲಿಲ್ಲ. ಅವನ್ನ ಸೇರಿಸಿದಾಕಿ ನಾನು. ಈ ಮನಿಯವರ ಹೆಸರು ಕೆಡಿಸಬೇಕಂತ ಸೇರಿಸಿಲ್ಲ, ಅವರು ಯಾರಂತ ನಂಗ ಗೊತ್ತಿದ್ದಿಲ್ಲ. ಶಿವಗಂಗವ್ವ ನಡುವ ಬಂದು ನಡುವ ಹೋದ್ಲು. ಆಕಿಗೆ ನೋವಾಗಿದ್ರ, ಇವರಿಗೆ ನೋವಾಗಿದ್ರ, ಮಾಫಿ ಮಾಡ್ರಿ."

ಶಿವಗಂಗಾ ಸೆರಗು ಬಾಯಿಗೆ ಒತ್ತಿಕೊಂಡಳು. ಹಿರಿಯರು ತಲೆ ಅಲ್ಲಾಡಿಸಿದರು. ನನಗೂ ಹಗುರಾಯಿತು, ಕೇಳಬೇಕಾದದ್ದಕ್ಕೆ ಕ್ಷಮೆ ಕೇಳಿದ್ದೆ.

"ಪಿಚ್ಚರ್ ಬಿಡ್ತೀನಿ ಅನ್ನೋದು?" ಚನ್ನವೀರ ನೆನಪಿಸಿದ.

ನಾನು ಬಾಯಿ ತೆರೆಯುವ ಮೊದಲೇ ನಯೀಮ್, "ಬಳಿ ಇಟ್ಟ ಮ್ಯಾಲೆ ಆಣಿ ಮಾಡ್ತಾಳ್ರಿ" ಅಂದ. ಮಲ್ಲೇಶ್ವರಿಯನ್ನು ಕರೆತಂದು ನನ್ನ ಎದುರಿಗೆ ಕೂರಿಸಿದರು. ನಾನು ಮಲಾರ ಬಿಚ್ಚಿ ಅವಳ ಬಲಗೈ ಹಿಡಿದೆ.

ಕೈ ಕಟ್ಟಿಗೆಯಾಗಿತ್ತು. ನಾಚಿಕೆಗೆ ಬಿಗಿಯುವ ಕೈ ನನಗೆ ಗೊತ್ತು. ತೊಡೆಯ ಮೇಲೆ ಇಟ್ಟು ಬೆರಳುಗಳನ್ನು ಮೆಲ್ಲಗೆ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಇದು ಬಿಡಲಿಲ್ಲ. ದನಿ ತಗ್ಗಿಸಿ ಒಂದು ಪ್ರೀತಿಯ ಕತೆ ಶುರುಮಾಡಿದೆ, ನನ್ನ ಬತ್ತಳಿಕೆಯ ಒಳ್ಳೆಯದನ್ನೇ ತೆಗೆದೆ, ಹುಡುಗ ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಬರುವಂಥದ್ದು. ಎಂಥ ಮುದುಕಿಯ ಕೈಯೂ ಅದಕ್ಕೆ ಕರಗುತ್ತದೆ. ಇವಳು ಮುಷ್ಟಿ ಕಟ್ಟಿದಳು. ಮೊದಲ ಬಳೆ ನನ್ನ ಬೆರಳಲ್ಲೇ ಒಡೆಯಿತು.

ಸಕ್ಕರೆ ಹಾಕುವ ಹೊತ್ತಿನಲ್ಲಿ ಹಸಿರು ಬಳೆ ಒಡೆಯುವುದು ಯಾರಿಗೂ ಬೇಡದ ಮಾತು. ನಾನು ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎರಡನೆಯದನ್ನು ತೆಗೆದೆ. ಅವಳ ಕಿವಿಗೆ ಮಾತ್ರ ಕೇಳುವಂತೆ ಕೇಳಿದೆ.

"ನೀ ಕಥಿ ಮೊದಲಿಂದ ಕೇಳೀದಿ. ಪಿಚ್ಚರ್ ಅಂತ ನಿಂಗ ಗೊತ್ತಿತ್ತಲ್ಲ ಯವ್ವ?"

ಹೌದೆಂದು ತಲೆ ಆಡಿಸಿದಳು.

"ಮತ್ತ ನಿಮ್ಮವ್ವಗ ಯಾಕ ಹೇಳಲಿಲ್ಲ?"

ಕೈ ಇನ್ನೂ ಬಿಗಿಯಿತು. ನನಗೆ ಆಗ ಅರ್ಥವಾಯಿತು. ತಾಯಿ ತಪ್ಪು ತಿಳಿದುಕೊಂಡಳು, ಮಗಳು ಆ ತಪ್ಪನ್ನು ಹಾಗೇ ಇರಲಿ ಎಂದು ಬಿಟ್ಟಳು. ಬೇಡ ಎನ್ನುವ ಮಾತು ಇವಳ ಬಾಯಿಂದ ಯಾರೂ ಕೇಳುವುದಿಲ್ಲ, ಹೆಣದ ಮಾತಾದರೂ ಕೇಳಲಿ ಎಂದುಕೊಂಡಿರಬೇಕು. ನಾನು ಬಂದು ಅದನ್ನೂ ಸುಳ್ಳು ಮಾಡಿದ್ದೆ.

"ಏನು ಪಿಸಿಪಿಸಿ?" ಚನ್ನವೀರ ಅಂದ. "ಕೈ ಗಟ್ಟಿ ಹಿಡದು ಏರಿಸಿಬಿಡು. ಹೊತ್ತಾಗಾಕತ್ತದ."

ನನ್ನ ಸಿಟ್ಟು ನನಗೇ ಗೊತ್ತು, ಬರುವುದು ತಡ, ಬಂದ ಮೇಲೆ ನಿಲ್ಲುವುದಿಲ್ಲ. ಕೈಯಲ್ಲಿದ್ದ ಬಳೆಯನ್ನು ಮಲಾರದೊಳಗೆ ಇಟ್ಟೆ.

"ಏರಿಸಬಹುದ್ರಿ. ಸಾಬೂನು ಹಚ್ಚಿದ್ರ ಎಂಥಾ ಕೈಗೂ ಏರ್ತದ. ಆದ್ರ ನಾ ಏರಿಸಂಗಿಲ್ಲ."

"ಅಮ್ಮೀ" ಎಂದ ನಯೀಮ್.

"ಸುಮ್ಮನಿರಪ. ಇಷ್ಟು ವರ್ಷ ಹೆಣ್ಣುಮಕ್ಕಳ ಕೈ ಹಿಡದೀನಿ. ಒಲ್ಲದ ಕೈ ಯಾವುದು ಅಂತ ನಂಗ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಹುಡುಗಿನ್ನ ಯಾರರ ಒಂದ್ ಮಾತು ಕೇಳೀರೇನ್ರಿ? ರೇವಣಸಿದ್ದಪ್ಪ, ನೀವು ಕೇಳೀರೇನು?"

ರೇವಣಸಿದ್ದ ಮಗಳ ಕಡೆ ತಿರುಗುವಷ್ಟರಲ್ಲಿ ಚನ್ನವೀರ ಎದ್ದುನಿಂತ. ಇವಳಿಗೆ ಸಿನೆಮಾದ ಹುಚ್ಚು ನೆತ್ತಿಗೇರಿದೆ, ಇಲ್ಲೂ ಒಂದು ಸಿನೆಮಾ ಮಾಡಲು ಬಂದಿದ್ದಾಳೆ, ಇವಳ ಅಂಗಡಿಗೆ ಮಾನ್ವಿಯ ಒಂದು ನರಪಿಳ್ಳೆಯೂ ಹೋಗದಂತೆ ನೋಡಿಕೊಳ್ಳುತ್ತೇನೆ, ಕೋರ್ಟಿಗೆ ಎಳೆಯುತ್ತೇನೆ ಎಂದೆಲ್ಲ ಕೂಗಿದ. ನಾನು ಅಲುಗಲಿಲ್ಲ. ಅಲುಗಿದ್ದರೆ ಆ ಹುಡುಗಿಯ ಕೈ ನನ್ನ ಕೈಯಿಂದ ಬಿಟ್ಟುಹೋಗುತ್ತಿತ್ತು. ಅದು ಇನ್ನೂ ನನ್ನ ಕೈಯಲ್ಲೇ ಇತ್ತು.

ಆ ಗದ್ದಲದಲ್ಲಿ ಮಲ್ಲೇಶ್ವರಿ ನನ್ನನ್ನು ಕೇಳಿದಳು. "ಹೀರಾಬಿ, ಆ ಪಿಚ್ಚರ್‌ನಾಗ ಎರಡನೇ ಹುಡುಗಿ ಇತ್ತಲ್ಲ, ಲಗ್ನದ ದಿನ ಆಕಿ ಏನಂದ್ಲು?"

ಕತೆಯ ಕೊನೆ ಅವಳು ಕೇಳಿರಲಿಲ್ಲ, ತಾಯಿ ಬಸ್ಸಿಗೆ ಎಬ್ಬಿಸಿಕೊಂಡು ಹೋಗಿದ್ದಳಲ್ಲ.

"ಆಕಿ ಏನೂ ಅನ್ನಲಿಲ್ಲ ಯವ್ವ" ಅಂದೆ. "ಅಷ್ಟರಾಗ ಹೀರೋ ಬಂದ. ಆಕಿ ಹೇಳೋದೆಲ್ಲ ಅಂವನ ಹೇಳಿದ."

ಅವಳು ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ. ಇಷ್ಟು ಸಿನೆಮಾ ನೋಡಿದವಳಿಗೆ ಅಂಥ ಹೊತ್ತಿನಲ್ಲಿ ಬಾಗಿಲು ನೋಡುವುದು ಚಾಳಿ. ಅಂಗಳದಲ್ಲಿ ಎರಡು ಟಗರು ಮಲಗಿದ್ದವು.

"ಇಲ್ಲಿ ಯಾರೂ ಬರಂಗಿಲ್ಲ" ಅಂದೆ. "ನೀನ ಹೇಳಬೇಕು."

ಮಲ್ಲೇಶ್ವರಿ ಕೈ ಬಿಡಿಸಿಕೊಂಡು ಎದ್ದಳು. ತಂದೆಯ ಕಡೆ ತಿರುಗಿ ನಿಂತಳು.

"ಯಪ್ಪಾ, ನಂಗ ಈ ಸಂಬಂಧ ಬ್ಯಾಡ."

ರೇವಣಸಿದ್ದ ಮಗಳನ್ನು ನೋಡಿದ. ಆಮೇಲೆ ಎಲ್ಲ ತಂದೆಯರೂ ಕೇಳುವುದನ್ನೇ ಕೇಳಿದ. "ಯಾರನ್ನ ಇಷ್ಟಪಟ್ಟೀ? ಯಾರ್ ಅದಾನ ಅಂವ?"

ನಾನೂ ಕಿವಿ ನೆಟ್ಟಗೆ ಮಾಡಿದೆ. ಯಾರಿರಬಹುದು, ಕಾಲೇಜಿನವನೋ, ಪಕ್ಕದ ಹೊಲದವನೋ, ಬಸ್ಸಿನ ಕಂಡಕ್ಟರೋ ಎಂದು ನನ್ನ ತಲೆ ಆಗಲೇ ಓಡುತ್ತಿತ್ತು. ಒಬ್ಬನಿಲ್ಲದೆ ಹುಡುಗಿಯೊಬ್ಬಳು ಹೀಗೆ ಎದ್ದು ನಿಂತದ್ದನ್ನು ನಾನು ಯಾವ ಹಾಲಿನಲ್ಲೂ ಕಂಡಿರಲಿಲ್ಲ.

"ಯಾರೂ ಇಲ್ಲಪ್ಪ" ಅಂದಳು ಮಲ್ಲೇಶ್ವರಿ. "ಯಾರರ ಇದ್ರಷ್ಟ ಒಲ್ಲೆ ಅನ್ನಬೇಕೇನು? ನಂಗ ಬ್ಯಾಡ. ಅದಕ್ಕ ಬ್ಯಾಡ."

ಶಿವಗಂಗಾ ಅಳಲು ಶುರುಮಾಡಿದಳು. ರೇವಣಸಿದ್ದ ಕೂತಲ್ಲೇ ಕೈ ಚಾಚಿ ಸಕ್ಕರೆಯ ತಟ್ಟೆಯನ್ನು ಸೀರೆಯ ಸಮೇತ ಚನ್ನವೀರನ ಕಡೆ ಸರಿಸಿದ. "ತಿಳಕೋರಿ ಸಾವ್ಕಾರ್ರ. ಮಗಳು ಒಲ್ಲೆ ಅಂತಾಳ. ಮೊದಲ ಕೇಳಬೇಕಾಗಿತ್ತು, ಕೇಳಲಿಲ್ಲ. ಈಗ ಕೇಳಿನಿ" ಅಂದ. ಮದುಮಗ ಹುಡುಗ ಮೊಬೈಲು ಜೇಬಿಗಿಟ್ಟು ಎಲ್ಲರಿಗಿಂತ ಮೊದಲು ಹೊರಗೆ ಹೋದ. ಅವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ, ಅವನನ್ನೂ ಯಾರೂ ಕೇಳಿರಲಿಲ್ಲವೋ ಏನೋ.

ಚನ್ನವೀರ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿದ. ನಯೀಮ್ ಅಡ್ಡ ಬಂದು ನನ್ನ ಮುಂದೆ ನಿಂತ. ಮಗ ಅವತ್ತು ಮೊದಲ ಸಲ ಅವನ ಮಾತಿಗೆ "ಹೂಂರಿ" ಎನ್ನಲಿಲ್ಲ.

"ಸಮಾಧಾನ ಆತೇನವ್ವ?" ಅಂದ ಚನ್ನವೀರ. "ಎಲ್ಲಾ ನಿನ್ನ ಪಿಚ್ಚರಿನ ಪ್ರತಾಪ. ಇದನ್ನ ನೋಡೇ ಕಲತಾಳ ಈ ಹುಡುಗಿ."

ನಾನು ಮಲಾರ ಕಟ್ಟಿ ಹೆಗಲಿಗೇರಿಸಿದೆ.

"ಇಲ್ರಿ. ಇಂಥ ಪಿಚ್ಚರ್ ಇನ್ನೂ ಯಾರೂ ತೆಗದಿಲ್ಲ" ಅಂದೆ. "ತೆಗದ ದಿನ ಮೊದಲನೇ ಟಿಕೇಟು ನಂದು."